ಅಕ್ಕನ ಮನೆ ಟಿವಿಯಲ್ಲಿ ಬಂತು, ಇನ್ನೂ ಹೋಗಿಲ್ಲ

ಹಿತ್ತಲಬಾಗಿಲು

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡು ಸುಮ್ಮನಾಗಿದ್ದೆ. ಇವತ್ತು ಬರೆದೇ ಬಿಡುತ್ತೇನೆ.

ನಾಲ್ಕು ತಿಂಗಳ ಹಿಂದೆ ನನ್ನ ಭಾವನ ತಮ್ಮನನ್ನು ಪೊಲೀಸರು ವಿಚಾರಣೆಗೆ ಕರೆದುಕೊಂಡು ಹೋದರು. ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವನ ಫೋನಿನಲ್ಲಿ ಇವನ ನಂಬರ್ ಇತ್ತಂತೆ. ಇವನದು (ಕೆಲಸ ಏನು ಅಂತ ಬರೆದಿದ್ದೆ, ತೆಗೆದಿದ್ದೇನೆ) ಎಂಥ ಕೆಲಸ ಅಂದರೆ ಅರ್ಧ ಊರಿನ ಫೋನಿನಲ್ಲಿ ಇವನ ನಂಬರ್ ಇರುತ್ತೆ. ಒಂದು ರಾತ್ರಿ ಕೂರಿಸಿಕೊಂಡು, ಕೇಳಿ, ಮರುದಿನ ಮಧ್ಯಾಹ್ನ ಕಳಿಸಿದರು. ಎಫ್‌ಐಆರ್‌ನಲ್ಲಿ ಹೆಸರಿಲ್ಲ. ಸಾಕ್ಷಿ ಅಂತಲೂ ಮತ್ತೆ ಕರೆದಿಲ್ಲ. ಪೊಲೀಸರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಆ ಬೆಳಿಗ್ಗೆ ಏಳು ಗಂಟೆಗೇ ಮನೆ ಮುಂದೆ ಮೂರು ಚಾನೆಲ್‌ನವರು ಬಂದಿದ್ದರು. ಮುಂದಿನ (ಬಣ್ಣ ತೆಗೆದಿದ್ದೇನೆ) ಗೇಟು ಹಾಕಿತ್ತು. ಒಬ್ಬ ಸುತ್ತಿಕೊಂಡು ಹಿತ್ತಲ ಕಡೆಯಿಂದ ಒಳಗೆ ಬಂದ. ಅಕ್ಕ ನೈಟಿಯಲ್ಲಿದ್ದಳು, ಕೈಯಲ್ಲಿ ಬಕೆಟ್ಟು. "ಗೊತ್ತಿಲ್ಲ, ನಮಗೇನೂ ಗೊತ್ತಿಲ್ಲ" ಅಂದಳು. ಅಷ್ಟೇ ಅಂದಿದ್ದು. ಅದನ್ನೇ ದಿನವಿಡೀ ತಿರುಗಿಸಿ ತಿರುಗಿಸಿ ಹಾಕಿದರು. ಕೆಳಗೆ "ಮನೆಯವರ ಹಾರಿಕೆ ಉತ್ತರ" ಅಂತ ಪಟ್ಟಿ.

ಆ ವಿಡಿಯೋದಲ್ಲಿ ಇನ್ನೇನೇನು ಇದೆ ಗೊತ್ತಾ? ತಂತಿ ಮೇಲೆ ಒಣಗಲು ಹಾಕಿದ್ದ ಮಗಳ ಯೂನಿಫಾರ್ಮು, ಜೇಬಿನ ಮೇಲೆ ಶಾಲೆಯ ಹೆಸರು. ಸ್ಕೂಟರ್ ನಂಬರು. ಒಳಗಿನ ಕೋಣೆಯ ಶೆಲ್ಫಿನಲ್ಲಿ ಬಟ್ಟೆ ಸುತ್ತಿಟ್ಟ ನಮ್ಮ ಧರ್ಮಗ್ರಂಥ. ಅದನ್ನು ಕ್ಯಾಮೆರಾ ಹತ್ತಿರ ಹೋಗಿ, ನಿಂತು, ತೋರಿಸುತ್ತೆ. ಅದು ಅಲ್ಲಿ ಯಾಕೆ ಬಂತು ಅಂತ ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನೋಡಿದವರಿಗೆ ಅರ್ಥವಾಗಿದೆ.

ಮನೆ ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ ಅಂದರು. ಒಳ್ಳೆಯವರೇ, ಬೈದು ಹೇಳಲಿಲ್ಲ. "ನಿಮ್ಮದೇನೂ ತಪ್ಪಿಲ್ಲ, ಆದರೆ ನಮ್ಮ ಮನೆ ಟಿವಿಯಲ್ಲಿ ಬಂತಲ್ಲ" ಅಂದರು.

ಹುಡುಗ ಮನೆಗೆ ಬಂದ ಸುದ್ದಿ ಯಾವ ಚಾನೆಲ್‌ನಲ್ಲೂ ಬರಲಿಲ್ಲ. ವಿಡಿಯೋಗಳು ಮಾತ್ರ ಇವತ್ತಿಗೂ ಆನ್‌ಲೈನ್‌ನಲ್ಲಿವೆ. ಏನು ಮಾಡಬಹುದು? ಯಾರಿಗಾದರೂ ಇಂಥದ್ದರಲ್ಲಿ ಅನುಭವ ಇದೆಯಾ?

ನಾವು ಯಾವ ಧರ್ಮದವರು ಅಂತ ಇಲ್ಲಿ ಬರೆಯುವುದಿಲ್ಲ. ಈ ದೇಶದಲ್ಲಿ ಸಂಖ್ಯೆ ಕಮ್ಮಿ ಇರುವವರು ಅಂದುಕೊಳ್ಳಿ ಸಾಕು.

ನೇರಮಾತು

ನಿಮ್ಮ ಅಕ್ಕನಿಗೆ ಆಗಿದ್ದು ಬೇಜಾರಿನ ವಿಷಯವೇ. ಆದರೆ ಒಂದು ಮಾತು. ದೊಡ್ಡ ಕೇಸು ನಡೆದಾಗ ಪೊಲೀಸರು ಯಾರನ್ನು ಕರೆದೊಯ್ದರು ಅಂತ ತಿಳಿಯುವ ಹಕ್ಕು ಜನರಿಗಿದೆ. ವರದಿಗಾರ ಮನೆ ಹತ್ತಿರ ಹೋಗದೆ ಇನ್ನೆಲ್ಲಿ ಹೋಗಬೇಕು? ಅಲ್ಲದೆ ಇದಕ್ಕೂ ಧರ್ಮಕ್ಕೂ ಗಂಟು ಯಾಕೆ? 2020ರಲ್ಲಿ ಮುಂಬೈಯಲ್ಲಿ ಒಬ್ಬ ನಟ ತೀರಿಕೊಂಡಾಗ ಟಿವಿಯವರು ಎಷ್ಟು ಜನರ ಮನೆ ಮುಂದೆ ಬೀಡು ಬಿಟ್ಟಿದ್ದರು, ಯಾರ ಯಾರ ವಾಟ್ಸಾಪ್ ಚಾಟ್ ಓದಿದರು, ನೆನಪಿಲ್ವಾ? ಅವರಲ್ಲಿ ಹೆಚ್ಚಿನವರು ಬಹುಸಂಖ್ಯಾತರೇ. ಟಿವಿಯವರು ಎಲ್ಲರಿಗೂ ಹೀಗೇ.

ಹಳೇಡೆಸ್ಕ್

ನಾನು ಒಂಬತ್ತು ವರ್ಷ ಸುದ್ದಿ ಚಾನೆಲ್ ಡೆಸ್ಕಿನಲ್ಲಿ ಕೂತವನು. ಈಗ ಬಿಟ್ಟಿದ್ದೇನೆ. ನೇರಮಾತು ಅವರು ಹೇಳಿದ್ದರಲ್ಲಿ ಅರ್ಧ ನಿಜ, ಟಿವಿಯವರು ಯಾರನ್ನೂ ಬಿಡುವುದಿಲ್ಲ. ಇನ್ನರ್ಧ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ.

ರಾತ್ರಿ ಹನ್ನೊಂದಕ್ಕೆ ಕ್ರೈಂ ವರದಿಗಾರನಿಗೆ ಠಾಣೆಯಿಂದ ಮೆಸೇಜು ಬರುತ್ತೆ. ಹೆಸರು, ವಯಸ್ಸು, ಏರಿಯಾ. ಅಧಿಕೃತವಾಗಿ ಯಾರೂ ಕೊಟ್ಟಿರುವುದಿಲ್ಲ, ಆದರೆ ಬಂದಿರುತ್ತೆ. ಇನ್‌ಪುಟ್ ಡೆಸ್ಕಿನವನು ಕೇಳುವ ಮೊದಲ ಪ್ರಶ್ನೆ "ನಿಜಾನಾ" ಅಲ್ಲ. "ವಿಷುವಲ್ಸ್ ಇದೆಯಾ?" ಅನ್ನುವುದು. ಆರೋಪಿ ಠಾಣೆಯ ಒಳಗಿದ್ದಾನೆ, ಅವನ ವಿಷುವಲ್ಸ್ ಸಿಗಲ್ಲ. ಆದರೆ ಇಡೀ ದಿನ ಪರದೆ ತುಂಬಿಸಬೇಕು. ಹಾಗಾಗಿ ಮನೆ. ಮನೆ ಬಾಗಿಲು ಹಾಕಿದ್ದರೆ ಪಕ್ಕದ ಮನೆಯವರ ಬೈಟ್, ಅಂದರೆ ಮೈಕಿನ ಮುಂದೆ ಎರಡು ಮಾತು. 40 ಸೆಕೆಂಡಿನ ಫುಟೇಜು ಸಿಕ್ಕಿದರೆ ಸಾಕು, ಕೆಂಪು ವೃತ್ತ ಹಾಕಿ, ಬಾಣದ ಗುರುತು ಹಾಕಿ, ಒಂದು ಗಂಟೆ ಲೂಪ್ ಮಾಡಬಹುದು.

ಈಗ ಇನ್ನರ್ಧ. ಫುಟೇಜ್ ಏನೂ ಸಿಗದೇ ಇದ್ದಾಗ ನಾವು ಫೈಲ್ ಶಾಟ್, ಅಂದರೆ ಹಿಂದೆ ಯಾವಾಗಲೋ ತೆಗೆದಿಟ್ಟ ದೃಶ್ಯ ಹಾಕುತ್ತಿದ್ದೆವು. ಹುಡುಗ ಅಲ್ಪಸಂಖ್ಯಾತನಾಗಿದ್ದರೆ ಅವರ ಪ್ರಾರ್ಥನಾ ಸ್ಥಳದ ಫೈಲ್ ಶಾಟ್. ಹಿಂದಿನಿಂದ ತೆಗೆದದ್ದು, ಸಾಲಾಗಿ ಕೂತ ಜನ, ಮುಖ ಕಾಣಿಸಲ್ಲ. ಆ ಶಾಟ್ ಯಾವ ವರ್ಷದ್ದೋ, ಯಾವ ಹಬ್ಬದ್ದೋ. ಬಹುಸಂಖ್ಯಾತರ ಹುಡುಗ ಸಿಕ್ಕಿಬಿದ್ದಾಗ "ಗುಡಿ ಫೈಲ್ ಶಾಟ್ ಹಾಕ್ರೀ" ಅಂತ ಒಂಬತ್ತು ವರ್ಷದಲ್ಲಿ ಒಬ್ಬರೂ ನನಗೆ ಹೇಳಿಲ್ಲ. ಯಾರೋ ಕೂತು ದ್ವೇಷದಿಂದ ತೀರ್ಮಾನ ಮಾಡುತ್ತಿದ್ದರು ಅಂತಲ್ಲ. ಕೈಗೆ ತಾನಾಗಿ ಬರುತ್ತಿತ್ತು. ಅದೇ ನನಗೆ ಈಗ ಭಯ ಹುಟ್ಟಿಸುವುದು.

ನಟನ ಕೇಸಿನಲ್ಲಿ ನೂರು ಜನರ ಮನೆ ಹಾಳಾಗಿರಬಹುದು. ಆದರೆ ಆ ನಟನ ಜಾತಿಯವರಿಗೆ ಮರುದಿನ ಬಾಡಿಗೆ ಮನೆ ಸಿಗದೇ ಹೋಗಲಿಲ್ಲ.

ನೇರಮಾತು

ಒಪ್ಪುತ್ತೇನೆ, ಫೈಲ್ ಶಾಟ್ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಸುದ್ದಿ ಮಾಡಲೇಬಾರದು ಅನ್ನೋದು ಸರಿಯಲ್ಲ.

ಕಪ್ಪುಕೋಟು

ಸುದ್ದಿ ಮಾಡಬಾರದು ಅಂತ ಮೂಲ ಪೋಸ್ಟಿನವರು ಎಲ್ಲೂ ಹೇಳಿಲ್ಲ. ಯೂನಿಫಾರ್ಮು ತೋರಿಸಿದ್ದು ಯಾಕೆ ಅಂತ ಕೇಳಿದ್ದಾರೆ.

ವಕೀಲಿ ಮಾಡುತ್ತೇನೆ, ಆದ್ದರಿಂದ ಸ್ವಲ್ಪ ಉದ್ದ ಆಗುತ್ತೆ.

1994ರ ಆರ್. ರಾಜಗೋಪಾಲ್ ಕೇಸಿನಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು: ಒಬ್ಬ ವ್ಯಕ್ತಿಯ ಸಂಸಾರ, ಮದುವೆ, ಮಕ್ಕಳು, ಓದು ಇಂಥವುಗಳ ಬಗ್ಗೆ ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸಿದರೆ ಅದು ಖಾಸಗಿತನದ ಉಲ್ಲಂಘನೆ. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಬಹುದು. ನಿಮ್ಮ ಭಾವನ ತಮ್ಮನ ಹೆಸರು ಎಫ್‌ಐಆರ್‌ನಲ್ಲೂ ಇಲ್ಲ, ಅಂದರೆ ಆ ವಿನಾಯಿತಿಯೂ ಟಿವಿಯವರಿಗೆ ಸಿಗುವುದು ಕಷ್ಟ. ಆಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅಕ್ಕನ ಹಿತ್ತಲಿಗೆ ಬಂದ ಕ್ಯಾಮೆರಾಮನ್‌ಗೆ ಇದರ ಬಿಸಿ ಮುಟ್ಟಿಸುವ ದಾರಿ ಸಣ್ಣದು. ಟಿವಿ ಸುದ್ದಿಯ ಬಗ್ಗೆ ದೂರು ಮೊದಲು ಆ ಚಾನೆಲ್‌ಗೇ ಕೊಡಬೇಕು. ಅವರು 24 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, 15 ದಿನದಲ್ಲಿ ಉತ್ತರಿಸಬೇಕು. ಅದು 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮ. ಉತ್ತರ ಸರಿ ಅನ್ನಿಸದಿದ್ದರೆ ಚಾನೆಲ್‌ಗಳೇ ಕಟ್ಟಿಕೊಂಡಿರುವ ಸ್ವಯಂ ನಿಯಂತ್ರಣ ಮಂಡಳಿಗೆ ಹೋಗಬೇಕು. ಅದರಲ್ಲಿ ದೊಡ್ಡದು ಎನ್‌ಬಿಡಿಎಸ್‌ಎ. ಅಲ್ಲಿಗೆ ಹೋಗುವುದಿದ್ದರೆ ಪ್ರಸಾರವಾದ 7 ದಿನದ ಒಳಗೇ ಚಾನೆಲ್‌ಗೆ ದೂರು ಕೊಟ್ಟಿರಬೇಕು. ಚಾನೆಲ್‌ಗಳು ಪ್ರಸಾರದ ರೆಕಾರ್ಡಿಂಗ್ ಇಟ್ಟುಕೊಳ್ಳಬೇಕಾದ್ದು 90 ದಿನ.

ನಿಮ್ಮದು ನಾಲ್ಕು ತಿಂಗಳಾಯ್ತು. ಪತ್ರಿಕೆಯಲ್ಲೂ ಬಂದಿದ್ದರೆ ಪ್ರೆಸ್ ಕೌನ್ಸಿಲ್‌ಗೆ ದಿನಪತ್ರಿಕೆ ಬಗ್ಗೆ ದೂರು ಕೊಡಲು ಇರುವುದು ಎರಡು ತಿಂಗಳು. ಅದೂ ಹೋಯ್ತು. ಕೌನ್ಸಿಲ್ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವಂತಿಲ್ಲ.

ಹಿತ್ತಲಬಾಗಿಲು

ಏಳು ದಿನ! ಆ ಏಳು ದಿನ ನಾವು ಬಾಗಿಲು ತೆಗೆದಿಲ್ಲ ಸ್ವಾಮಿ. ಮಗು ಶಾಲೆಗೆ ಹೋಗಲಿಲ್ಲ. ಹಾಲಿನವನಿಗೆ ಫೋನ್ ಮಾಡಿ ಬರಬೇಡ ಅಂದೆವು. ದೂರು ಕೊಡಬಹುದು ಅಂತಲೇ ಗೊತ್ತಿರಲಿಲ್ಲ.

ಕಪ್ಪುಕೋಟು

ಗೊತ್ತಿರುವವರು ಬಹಳ ಕಮ್ಮಿ. ಬೇಸರ ಮಾಡಿಕೊಳ್ಳಬೇಡಿ, ಆನ್‌ಲೈನ್ ವಿಡಿಯೋಗೆ ಬೇರೆ ದಾರಿ ಇದೆ. ಆಮೇಲೆ ಬರೆಯುತ್ತೇನೆ, ಕೋರ್ಟಿನಲ್ಲಿದ್ದೇನೆ.

ಸೀಮೆಸುಣ್ಣ

ನಾನು ಶಿಕ್ಷಕಿ. 2022ರ ಫೆಬ್ರವರಿ. ಸದ್ಯಕ್ಕೆ ತರಗತಿಯೊಳಗೆ ಹಿಜಾಬ್ ಬೇಡ ಅಂತ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದ್ದು 10ನೇ ತಾರೀಕು. ಹೈಸ್ಕೂಲುಗಳು ಮತ್ತೆ ತೆರೆದಿದ್ದು 14ಕ್ಕೆ. ಆ ಆದೇಶ ಸರಿಯೋ ತಪ್ಪೋ ಅನ್ನುವುದು ಇಲ್ಲಿ ಬೇಡ. ನಾನು ಹೇಳುವುದು ಗೇಟಿನ ಹತ್ತಿರ ನಡೆದದ್ದು.

ನಮ್ಮ ಶಾಲೆಯ ಗೇಟಿನಲ್ಲಿ ಆ ದಿನ ಮಕ್ಕಳಿಗಿಂತ ಮೈಕುಗಳೇ ಜಾಸ್ತಿ. ಒಬ್ಬ ಹುಡುಗಿ, ಒಂಬತ್ತನೇ ಕ್ಲಾಸು, ಅಪ್ಪನ ಕೈ ಹಿಡಿದು ಬರುತ್ತಿದ್ದಳು. ಕ್ಯಾಮೆರಾದವನು ಅವಳ ಮುಂದೆ ಹಿಂದು ಹಿಂದಕ್ಕೆ ಓಡುತ್ತಾ ಚಿತ್ರ ತೆಗೆಯುತ್ತಿದ್ದ. ಅವಳು ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿದಳು. ಅವನು ಬಗ್ಗಿ ಬ್ಯಾಗಿನ ಕೆಳಗಿನಿಂದ ತೆಗೆದ. ನಾನು ಅಡ್ಡ ನಿಂತೆ. "ಮೇಡಂ, ನಮ್ಮ ಡ್ಯೂಟಿ ನಮಗೆ ಮಾಡೋಕೆ ಬಿಡಿ" ಅಂದ. ಗೇಟಿನ ಹತ್ತಿರ ತಲೆಯ ಬಟ್ಟೆ ತೆಗೆದು ಬ್ಯಾಗಿಗೆ ಹಾಕಿಕೊಳ್ಳುವ ಆ ಅರ್ಧ ನಿಮಿಷ ಇದೆಯಲ್ಲ, ಅದೇ ಅವರಿಗೆ ಬೇಕಾಗಿದ್ದ ಶಾಟು. ರಾಜ್ಯದ ಬೇರೆ ಕಡೆ ಶಿಕ್ಷಕಿಯರು ತೆಗೆಯುವುದನ್ನೂ ಚಿತ್ರಿಸಿ ದೇಶಕ್ಕೆಲ್ಲ ತೋರಿಸಿದರು, ನೀವೂ ನೋಡಿರುತ್ತೀರಿ.

ಹಿಜಾಬಿಗಾಗಿ ಕೋರ್ಟಿಗೆ ಹೋದ ಉಡುಪಿಯ ಹುಡುಗಿಯರದ್ದು ಇನ್ನೂ ಕಷ್ಟ. ಅವರ ವಿಳಾಸ, ಅಪ್ಪ ಅಮ್ಮನ ಫೋನ್ ನಂಬರು ಎಲ್ಲ ಜಾಲತಾಣದಲ್ಲಿ ಹರಿದಾಡಿತು. ಪೋಷಕರು ಪೊಲೀಸರಿಗೆ ದೂರು ಕೊಟ್ಟರು.

ಆ ವರ್ಷ ಅಕ್ಟೋಬರಿನಲ್ಲಿ ಹಿಜಾಬ್ ಕಾರ್ಯಕ್ರಮವೊಂದಕ್ಕೆ ಎನ್‌ಬಿಡಿಎಸ್‌ಎ ಒಂದು ಹಿಂದಿ ಚಾನೆಲ್‌ಗೆ 50,000 ರೂಪಾಯಿ ದಂಡ ಹಾಕಿತು. ಅದು ಸ್ಟುಡಿಯೋದಲ್ಲಿ ಕೂತು ಕಿರುಚಿದ್ದಕ್ಕೆ, ಆ ಹುಡುಗಿಯರನ್ನು ಉಗ್ರರ ಜೊತೆ ತಳುಕು ಹಾಕಿದ್ದಕ್ಕೆ. ಬ್ಯಾಗಿನ ಕೆಳಗಿನಿಂದ ಮುಖ ತೆಗೆದದ್ದಕ್ಕೆ ಅಲ್ಲ.

ಕಪ್ಪುಕೋಟು ಅವರೇ, ಮಕ್ಕಳ ಗುರುತು ತೋರಿಸಬಾರದು ಅಂತ ಕಾನೂನು ಇದೆಯಲ್ವಾ?

ಕಪ್ಪುಕೋಟು

ಇದೆ, ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್. ಹೆಸರು, ವಿಳಾಸ, ಶಾಲೆ ಯಾವುದನ್ನೂ ಹೇಳುವಂತಿಲ್ಲ. ಆದರೆ ಅದು ಒಂದು ವಿಚಾರಣೆ ಅಥವಾ ಕೇಸಿನಲ್ಲಿ ಸಿಲುಕಿದ ಮಗುವಿಗೆ, ಸಂತ್ರಸ್ತ ಮಗುವಿಗೆ, ಸಾಕ್ಷಿಯಾದ ಮಗುವಿಗೆ. ನಿಮ್ಮ ಒಂಬತ್ತನೇ ಕ್ಲಾಸಿನವಳು ಯಾವ ಕೇಸಿನವಳೂ ಅಲ್ಲ. ಶಾಲೆಗೆ ಹೋಗುತ್ತಿದ್ದ ಮಗು ಅಷ್ಟೇ. ತಪ್ಪು ಮಾಡಿದ ಮಗುವಿನ ಮುಖ ಮುಚ್ಚುತ್ತಾರೆ, ಏನೂ ಮಾಡದ ಮಗುವಿನ ಮುಖ ತೋರಿಸುತ್ತಾರೆ. ವಿಚಿತ್ರ, ಆದರೆ ಹೀಗಿದೆ.

ಗಂಟೆಸದ್ದು

ನಾವು ಕ್ರೈಸ್ತರು. ನಮ್ಮದು ದೊಡ್ಡ ಚರ್ಚ್ ಅಲ್ಲ, ಭಾನುವಾರ ಒಂದು ಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಸೇರುತ್ತೇವೆ. ಒಂದು ಭಾನುವಾರ ಹತ್ತು ಹದಿನೈದು ಜನ ನುಗ್ಗಿದರು. ಅವರ ಜೊತೆಗೇ ಒಂದು ಸ್ಥಳೀಯ ಚಾನೆಲ್ಲಿನ ಕ್ಯಾಮೆರಾ. ಆಮೇಲೆ ಬಂದದ್ದಲ್ಲ, ಜೊತೆಗೇ. ಒಬ್ಬೊಬ್ಬರ ಮುಖಕ್ಕೆ ಹಿಡಿದು "ನಿಮ್ಮ ಹೆಸರೇನು, ಎಷ್ಟು ದುಡ್ಡು ಕೊಟ್ಟರು" ಅಂತ ಕೇಳುತ್ತಾ ಹೋದರು. ಪೊಲೀಸರು ಬರುವ ಹೊತ್ತಿಗೆ ವಿಡಿಯೋ ಮೊಬೈಲಿಗೆ ಬಂದಿತ್ತು.

ನಮ್ಮಲ್ಲಿ ಒಬ್ಬಾಕೆ ಇದ್ದರು. ಅತ್ತೆ ಮನೆಗೆ ಗೊತ್ತಿಲ್ಲದ ಹಾಗೆ ಬರುತ್ತಿದ್ದರು. ಮತಾಂತರವೂ ಆಗಿರಲಿಲ್ಲ, ಏನೂ ಇಲ್ಲ, ಹಿಂದಿನ ಸಾಲಿನಲ್ಲಿ ಕೂತು ಹಾಡು ಕೇಳಿ ಹೋಗುತ್ತಿದ್ದರು. ಮೂರು ಸೆಕೆಂಡು ಅವರ ಮುಖ ಬಂತು. ಆಮೇಲೆ ಅವರು ಬರಲಿಲ್ಲ. ಫೋನ್ ಸ್ವಿಚ್ ಆಫ್. ಏನಾಯಿತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ, ಮನೆಗೆ ಹೋಗಿ ಕೇಳಿದರೆ ಅವರಿಗೇ ತೊಂದರೆ.

2021ರಲ್ಲಿ ಕರ್ನಾಟಕದಲ್ಲಿ ಇಂಥ 39 ಘಟನೆಗಳನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ದಾಖಲಿಸಿತ್ತು. ಹೊಡೆದದ್ದು, ಒಡೆದದ್ದು ಲೆಕ್ಕಕ್ಕೆ ಸಿಗುತ್ತೆ. ಈ ಮೂರು ಸೆಕೆಂಡು ಯಾವ ಲೆಕ್ಕದಲ್ಲಿ ಬರುತ್ತೆ?

ಪುಸ್ತಕದಹುಳ

ಗಂಟೆಸದ್ದು ಅವರ ಪೋಸ್ಟ್ ಓದಿ ಈಜಿಪ್ಟಿನ ಒಂದು ಸಂಗತಿ ನೆನಪಾಯಿತು. ಅಲ್ಲಿ ಬಹಾಯಿ ಧರ್ಮದವರು ಬಹಳ ಸಣ್ಣ ಸಂಖ್ಯೆಯಲ್ಲಿದ್ದಾರೆ. ಆಗ ಗುರುತಿನ ಚೀಟಿಯಲ್ಲಿ ಧರ್ಮ ಬರೆಯಬೇಕಿತ್ತು, ಆದರೆ ಮುಸ್ಲಿಂ, ಕ್ರೈಸ್ತ, ಯಹೂದಿ ಈ ಮೂರರಲ್ಲಿ ಒಂದನ್ನು ಮಾತ್ರ. ಬಹಾಯಿಗಳು ಸುಳ್ಳು ಬರೆಯಲು ಒಪ್ಪಲಿಲ್ಲ, ಚೀಟಿ ಸಿಗಲಿಲ್ಲ. ಚೀಟಿ ಇಲ್ಲದೆ ಬ್ಯಾಂಕೂ ಇಲ್ಲ, ಕಾಲೇಜೂ ಇಲ್ಲ. ವರ್ಷಗಟ್ಟಲೆ ಕೋರ್ಟಿಗೆ ಅಲೆದು, 2009ರ ಮಾರ್ಚ್ 16ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯದಲ್ಲಿ ಗೆದ್ದರು. ಧರ್ಮದ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದುಕೊಳ್ಳಬಹುದು ಅಂತ. ಹೇಳದೇ ಇರುವ ಹಕ್ಕು ಅಂದರೆ ಇದು, ಒಂದು ಗೆರೆಯಷ್ಟು.

ಅದೇ ತಿಂಗಳ ಕೊನೆಗೆ ಒಂದು ಟಿವಿ ಚರ್ಚೆಯಲ್ಲಿ ಬಹಾಯಿಗಳ ವಿರುದ್ಧ ಮಾತು ಬಿಸಿಯೇರಿತು. ಸೊಹಾಗ್ ಪ್ರಾಂತ್ಯದ ಶುರಾನಿಯಾ ಅನ್ನುವ ಹಳ್ಳಿಯಲ್ಲಿ ಅವರು ಇದ್ದಾರೆ ಅನ್ನುವುದು ಪರದೆಯ ಮೇಲೆ ಬಂತು. ಅದರ ಬೆನ್ನಿಗೇ ಆ ಹಳ್ಳಿಯಲ್ಲಿ ಗುಂಪು ಕಟ್ಟಿಕೊಂಡು ಅವರ ಮನೆಗಳಿಗೆ ಕಲ್ಲು ಹೊಡೆದರು, ಆಮೇಲೆ ಬೆಂಕಿ ಇಟ್ಟರು. ಆ ಕುಟುಂಬಗಳು ಊರು ಬಿಟ್ಟು ಹೋಗಬೇಕಾಯಿತು. ಕೋರ್ಟು ಕೊಟ್ಟ ಗೆರೆಯನ್ನು ಎರಡು ವಾರದಲ್ಲಿ ಟಿವಿ ಅಳಿಸಿತು.

ಇನ್ನೊಂದು, ಶೆಲ್ಫಿನ ಗ್ರಂಥದ ವಿಷಯ. 2015ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್ ಬರ್ನಾರ್ಡಿನೋದಲ್ಲಿ ಗಂಡ ಹೆಂಡತಿ ಸೇರಿ 14 ಜನರನ್ನು ಕೊಂದರು. ಎರಡು ದಿನಕ್ಕೆ ಮನೆ ಮಾಲೀಕ ಬಾಗಿಲು ತೆಗೆದ, ವರದಿಗಾರರ ದಂಡೇ ಒಳಗೆ ಹೋಯಿತು, ಅದೂ ನೇರ ಪ್ರಸಾರ. ಪ್ರಾರ್ಥನೆಯ ಚಾಪೆ, ಕುರಾನ್, ಮಗುವಿನ ತೊಟ್ಟಿಲು, ಆಟದ ಸಾಮಾನು. ಹಂತಕನ ತಾಯಿಯ ಗುರುತಿನ ಚೀಟಿಯನ್ನು ಒಂದು ಚಾನೆಲ್ ಕ್ಯಾಮೆರಾಗೆ ಹಿಡಿದು ತೋರಿಸಿತು. ಮಕ್ಕಳ ಫೋಟೋಗಳನ್ನೂ. ಆಮೇಲೆ ವಿಷಾದ ಹೇಳಿದರು. ಕೊಂದವರ ಖಾಸಗಿತನ ನನಗೆ ಬೇಕಿಲ್ಲ. ಆದರೆ ತೊಟ್ಟಿಲು, ಚಾಪೆ ಲಕ್ಷಾಂತರ ಮನೆಗಳಲ್ಲಿ ಇರುತ್ತವೆ. ಅವನ್ನು ಸುಳಿವು ಅನ್ನುವ ಹಾಗೆ ಎತ್ತಿ ತೋರಿಸಿದರೆ ಆ ಎಲ್ಲ ಮನೆಗಳನ್ನೂ ತೋರಿಸಿದ ಹಾಗೆ.

ಹಳೇಡೆಸ್ಕ್

"ಸುಳಿವು ಅನ್ನುವ ಹಾಗೆ". ಹೌದು. ನಮ್ಮಲ್ಲಿ ಅದಕ್ಕೆ ಒಂದು ಹಿನ್ನೆಲೆ ಸಂಗೀತವೇ ಇತ್ತು.

ಮೂರನೇಕಣ್ಣು

ಎಲ್ಲ ಸರಿ, ಮೂಲ ಪೋಸ್ಟ್ ಹಾಕಿದವರು ಧರ್ಮ ಯಾವುದು ಅಂತ ಯಾಕೆ ಮುಚ್ಚಿಡುತ್ತಿದ್ದಾರೆ? ಮುಚ್ಚುವಂಥದ್ದು ಏನಿದೆ? ಅಷ್ಟಕ್ಕೂ ಗೇಟಿನ ಬಣ್ಣ, ಆ ಕೆಲಸ, ನಾಲ್ಕು ತಿಂಗಳು ಎಲ್ಲ ಸೇರಿಸಿ ಹುಡುಕಿದೆ. ಎರಡೇ ನಿಮಿಷ. ಊರು (ತೆಗೆಯಲಾಗಿದೆ), ವಿಡಿಯೋ ಲಿಂಕ್ (ತೆಗೆಯಲಾಗಿದೆ). ಇವರೇ ಅಲ್ವಾ?

ನಿರ್ವಾಹಕ

ಮೂರನೇಕಣ್ಣು ಅವರ ಪೋಸ್ಟಿನಿಂದ ಊರು, ಲಿಂಕ್ ತೆಗೆದಿದ್ದೇನೆ. ಒಂದು ವಾರ ಅವರು ಇಲ್ಲಿ ಬರೆಯುವಂತಿಲ್ಲ.

ನೇರಮಾತು

ಛೆ. ಇದನ್ನು ನೋಡಿದ ಮೇಲೆ ನನಗೇ ನಾಚಿಕೆ ಆಯ್ತು. ಮೊದಲ ದಿನ ಓದಿದಾಗ ನಾನೂ ಹುಡುಕಿದ್ದೆ. ಇಲ್ಲಿ ಹಾಕಲಿಲ್ಲ ಅಷ್ಟೇ.

ಹಿತ್ತಲಬಾಗಿಲು

ಗೇಟಿನ ಬಣ್ಣ, ಕೆಲಸ ಎರಡನ್ನೂ ಈಗ ತೆಗೆದೆ. ಬರೆಯುವಾಗ ಹೊಳೆಯಲೇ ಇಲ್ಲ. ಟಿವಿಯವರನ್ನು ಬೈಯುತ್ತಾ ನಾನೇ ಗೇಟು ತೋರಿಸಿಬಿಟ್ಟಿದ್ದೆ.

ಮುಚ್ಚುವಂಥದ್ದು ಏನಿದೆ ಅಂತ ಕೇಳಿದ್ದಾರೆ. ಏನೂ ಇಲ್ಲ. ಹಬ್ಬಕ್ಕೆ ಅಕ್ಕಪಕ್ಕದವರನ್ನು ಕರೆಯುತ್ತೇವೆ, ಹೆಸರು ಕೇಳಿದರೆ ಹೇಳುತ್ತೇವೆ, ಎಲ್ಲರಿಗೂ ಗೊತ್ತು. ಆದರೆ ನಾವು ಹೇಳುವುದು ಬೇರೆ, ಬೇರೆಯವರು ಬಾಣದ ಗುರುತು ಹಾಕಿ ಹೇಳುವುದು ಬೇರೆ.

ಕಪ್ಪುಕೋಟು

ಇದರ ಬಗ್ಗೆ ಒಂದು ಸಣ್ಣ ಮಾಹಿತಿ. ಯುರೋಪಿನ ಡೇಟಾ ರಕ್ಷಣೆ ಕಾನೂನಾದ ಜಿಡಿಪಿಆರ್‌ನ 9ನೇ ವಿಧಿ ಧಾರ್ಮಿಕ ನಂಬಿಕೆಯನ್ನು ವಿಶೇಷ ರಕ್ಷಣೆ ಬೇಕಾದ ಮಾಹಿತಿ ಅನ್ನುತ್ತೆ, ಆರೋಗ್ಯದ ಮಾಹಿತಿಯ ಹಾಗೆ. ನಮ್ಮಲ್ಲಿ 2011ರಲ್ಲಿ ಸೂಕ್ಷ್ಮ ಮಾಹಿತಿ ಯಾವುದು ಅಂತ ನಿಯಮ ಮಾಡಿದಾಗ ಪಾಸ್‌ವರ್ಡು, ಬ್ಯಾಂಕ್ ವಿವರ, ಆರೋಗ್ಯ, ಬೆರಳಚ್ಚು ಎಲ್ಲ ಹಾಕಿದರು. ಧರ್ಮ ಆ ಪಟ್ಟಿಯಲ್ಲಿ ಇರಲಿಲ್ಲ, ಜಾತಿಯೂ ಇರಲಿಲ್ಲ. 2023ರ ಹೊಸ ಡೇಟಾ ಕಾಯ್ದೆಯಲ್ಲಿ ಸೂಕ್ಷ್ಮ ಅನ್ನುವ ವರ್ಗವೇ ಇಲ್ಲ. ಹೆಸರು ಕೇಳಿದ ಕೂಡಲೇ ಧರ್ಮ, ಜಾತಿ ಎರಡೂ ಗೊತ್ತಾಗುವ ದೇಶ ನಮ್ಮದು, ಇದರಲ್ಲಿ ರಹಸ್ಯ ಏನು ಬಂತು ಅಂದುಕೊಂಡರೋ ಏನೋ.

ವಿಶೇಷ ವಿವಾಹ ಕಾಯ್ದೆಯಲ್ಲೂ ಹೀಗೇ. ಬೇರೆ ಬೇರೆ ಧರ್ಮದ ಇಬ್ಬರು ಮದುವೆಯಾಗಲು ನೋಟಿಸ್ ಕೊಟ್ಟರೆ ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಹಚ್ಚುತ್ತಾರೆ, 30 ದಿನ ಕಾಯಬೇಕು. ಅದರ ಫೋಟೋ ತೆಗೆದು ಹಂಚುವವರು ಇದ್ದೇ ಇರುತ್ತಾರೆ. ಈ ಕಾಟಕ್ಕೇ 2020ರ ಜುಲೈಯಲ್ಲಿ ಕೇರಳ ಆ ನೋಟಿಸುಗಳನ್ನು ವೆಬ್‌ಸೈಟಿಗೆ ಹಾಕುವುದನ್ನು ನಿಲ್ಲಿಸಿತು.

ನೇರಮಾತು

ದಂಡ ಹಾಕಿಸಿದರೆ ಚಾನೆಲ್‌ಗಳು ಸುಧಾರಿಸುತ್ತವಾ? ನಿಜವಾಗಿ ಕೇಳುತ್ತಿದ್ದೇನೆ, ವಾದಕ್ಕಲ್ಲ.

ಹಳೇಡೆಸ್ಕ್

2020ರ ತಬ್ಲೀಗ್ ಸಮಯ ನೆನಪು ಮಾಡಿಕೊಳ್ಳಿ, ದೆಹಲಿಯ ತಬ್ಲೀಗ್ ಜಮಾತ್ ಅನ್ನುವ ಮುಸ್ಲಿಂ ಸಂಘಟನೆಯ ಸಭೆಗೆ ಹೋದವರೇ ಕೊರೊನಾ ಹರಡಿದರು ಅಂತ ಗಲಾಟೆ ಎದ್ದದ್ದು. ಮಾರ್ಚ್ ಕೊನೆ, ಏಪ್ರಿಲ್. ಯಾರು ದೆಹಲಿಗೆ ಹೋಗಿದ್ದರು, ಯಾವ ಬೀದಿ, ಯಾವ ಮಸೀದಿ ಅಂತ ಊರೂರಲ್ಲಿ ಹುಡುಕಿ ಹುಡುಕಿ ತೋರಿಸಿದೆವು. ನಾನೂ ಇದ್ದೆ. ಒಂದು ಬೀದಿಯ ಹೆಸರು ಇದ್ದ ಟಿಕ್ಕರ್ (ಪರದೆ ಕೆಳಗೆ ಓಡುವ ಸಾಲು) ನಾನೇ ಬರೆದದ್ದು. ಕಾಯಿಲೆಯ ವಿಷಯ, ಜನರಿಗೆ ಗೊತ್ತಾಗಬೇಕು ಅಂತ ಆಗ ಅಂದುಕೊಂಡಿದ್ದೆ. ಅದೇ ವಾರ ಬೇರೆ ಕಡೆಯಿಂದ ಬಂದ ಸೋಂಕಿತರ ಬೀದಿ ಹೆಸರು ಬರೆದೆನಾ? ನೆನಪಿಲ್ಲ. ಅಂದರೆ ಬರೆದಿಲ್ಲ ಅಂತಲೇ.

ಆ ವರ್ಷ ಆಗಸ್ಟ್ 21ಕ್ಕೆ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್ ರದ್ದು ಮಾಡಿತು, ಅವರನ್ನು ಹರಕೆಯ ಕುರಿ ಮಾಡಿದಂತಿದೆ ಅಂದಿತು, ಮಾಧ್ಯಮದ ಪ್ರಚಾರವನ್ನೂ ಟೀಕಿಸಿತು. ಅಂಥವರಿಗೆ ಜಾಗ ಕೊಟ್ಟ 70 ಭಾರತೀಯರ ಮೇಲಿನ ಕೇಸುಗಳು ದೆಹಲಿ ಹೈಕೋರ್ಟಿನಲ್ಲಿ ರದ್ದಾಗಿದ್ದು 2025ರ ಜುಲೈಯಲ್ಲಿ. ಐದು ವರ್ಷ. ಅದನ್ನು ಯಾವ ಚಾನೆಲ್ ಒಂದು ಗಂಟೆ ಲೂಪ್ ಮಾಡಿತು, ಹೇಳಿ.

ದಂಡ ಅಂದಿರಲ್ಲ. 2021ರ ಜೂನ್‌ನಲ್ಲಿ ಆ ಪ್ರಸಾರಕ್ಕೆ ಎರಡು ಕನ್ನಡ ಚಾನೆಲ್‌ಗಳಿಗೆ ದಂಡ ಬಿತ್ತು. ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50,000. ದೂರು ಕೊಟ್ಟದ್ದು ಬೆಂಗಳೂರಿನವರೇ, ದ್ವೇಷದ ಮಾತಿನ ವಿರುದ್ಧ ಕೆಲಸ ಮಾಡುವ ಒಂದು ಗುಂಪು. ಹೊತ್ತು ಗೊತ್ತು ಬರೆದಿಟ್ಟು, ಕ್ಲಿಪ್ ಉಳಿಸಿಟ್ಟು ದೂರು ಕೊಟ್ಟಿದ್ದರು. 1 ಲಕ್ಷ ಅಂದರೆ ಚಾನೆಲ್‌ಗೆ ಒಂದು ಜಾಹೀರಾತಿನ ವಿರಾಮವೂ ಅಲ್ಲ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಈ 1 ಲಕ್ಷದಿಂದ ಏನಾಗುತ್ತೆ ಅಂತ ಕೇಳಿತು. ಆದರೆ ಡೆಸ್ಕಿನ ಕಡೆಯಿಂದ ಒಂದು ಹೇಳುತ್ತೇನೆ. ದುಡ್ಡಿಗೆ ಯಾರೂ ಹೆದರುವುದಿಲ್ಲ. ಪರದೆ ಮೇಲೆ ಕ್ಷಮೆ ಹಾಕಬೇಕು ಅಂದರೆ ಹೆದರುತ್ತಾರೆ. 2021ರ ಆ ದಂಡದ ಆದೇಶದ ನಂತರ ಕೆಲವು ತಿಂಗಳು ಲೀಗಲ್‌ನವರು ನಮಗೆ ಮನೆ ನಂಬರು, ಬೀದಿ ಹೆಸರು ಮಸುಕು ಮಾಡಿ ಅಂತ ಮೇಲ್ ಮಾಡುತ್ತಿದ್ದರು. ಆಮೇಲೆ ನಿಂತಿತು.

ಸೀಮೆಸುಣ್ಣ

ಠಾಣೆಯಿಂದ ಮೆಸೇಜ್ ಹೋಗುವುದು ನಿಲ್ಲದೆ ಇದು ನಿಲ್ಲಲ್ಲ ಅನ್ನಿಸುತ್ತೆ ನನಗೆ.

ಕಪ್ಪುಕೋಟು

ಸರಿಯಾದ ಮಾತು. 2023ರ ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟ್ ಪೊಲೀಸರು ಮಾಧ್ಯಮದ ಜೊತೆ ಹೇಗೆ ಮಾತಾಡಬೇಕು ಅಂತ ಕೈಪಿಡಿ ಮಾಡಿ ಅಂತ ಗೃಹ ಸಚಿವಾಲಯಕ್ಕೆ ಮೂರು ತಿಂಗಳ ಗಡುವು ಕೊಟ್ಟಿತ್ತು. ಕೈಪಿಡಿ ಬಂದರೂ ಅದು ಪತ್ರಿಕಾಗೋಷ್ಠಿಗೆ. ರಾತ್ರಿ ಹನ್ನೊಂದರ ವಾಟ್ಸಾಪ್ ಮೆಸೇಜಿಗೆ ಯಾವ ಕೈಪಿಡಿ?

ಹಿತ್ತಲಬಾಗಿಲು ಅವರೇ, ಈಗ ನಿಮ್ಮ ಕೆಲಸ. ವಿಡಿಯೋ ಇರುವ ತಾಣಕ್ಕೆ ನೇರ ದೂರು ಕೊಡಿ. 2021ರ ಐಟಿ ನಿಯಮದ ಪ್ರಕಾರ ಬೇರೆಯವರ ಖಾಸಗಿತನಕ್ಕೆ ಧಕ್ಕೆ ತರುವುದನ್ನು ಹಾಕುವಂತಿಲ್ಲ, ತಾಣದವರಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು, ನಿಯಮದ ಗಡುವಿನೊಳಗೆ ತೀರ್ಮಾನಿಸಬೇಕು. ಇಲ್ಲಿ ಏಳು ದಿನದ ಕಟ್ಟು ಇಲ್ಲ, ವಿಡಿಯೋ ಇರುವ ತನಕ ಕೊಡಬಹುದು. ಒಂದೇ ತೊಡಕು. ಸಾಮಾನ್ಯವಾಗಿ ವಿಡಿಯೋದಲ್ಲಿ ಇರುವವರೇ ಕೊಡಬೇಕು. ತಮ್ಮನೋ ತಂಗಿಯೋ ಕೊಟ್ಟರೆ ತಗೊಳ್ಳಲ್ಲ. ಮಗುವಿನ ಪರವಾಗಿ ತಾಯಿ ಕೊಡಬಹುದು. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಏನು ಕಾಣುತ್ತೆ ಅಂತ ಬರೆಯಬೇಕು. ಧರ್ಮದ ಚರ್ಚೆ ಅಲ್ಲಿ ಮಾಡಬೇಡಿ. ಯೂನಿಫಾರ್ಮು, ಮಗು, ವಾಹನದ ನಂಬರು, ಮನೆ. ಅಷ್ಟೇ ಬರೆಯಿರಿ.

ಹಿತ್ತಲಬಾಗಿಲು

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಅಕ್ಕ ಒಪ್ಪಲೇ ಇಲ್ಲ ಮೊದಲು. ದೂರು ಕೊಡಲು ಅಲ್ಲ, ವಿಡಿಯೋ ನೋಡಲು. ಇಷ್ಟು ದಿನ ಅವಳು ಅದನ್ನು ನೋಡೇ ಇರಲಿಲ್ಲ ಅಂತ ನನಗೆ ಆಗ ಗೊತ್ತಾಗಿದ್ದು. ಕೊನೆಗೆ ನಾನು ಸೌಂಡ್ ಮ್ಯೂಟ್ ಮಾಡಿ, ಫೋನನ್ನು ನನ್ನ ಕಡೆ ತಿರುಗಿಸಿಕೊಂಡು ಹೇಳುತ್ತಾ ಹೋದೆ. 12ನೇ ಸೆಕೆಂಡು ಗೇಟು. 19 ಸ್ಕೂಟರು. 26ರಿಂದ 31 ಯೂನಿಫಾರ್ಮು. ಅವಳು ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. 38 ನೀನು ಅಂದೆ. ಅದನ್ನೂ ಬರೆದಳು, "38 ನಾನು" ಅಂತ. ಆಮೇಲೆ ಕೇಳಿದಳು, "ಬಕೆಟ್ಟು ಕಾಣುತ್ತಾ?" ಕಾಣುತ್ತೆ ಅಂದೆ. "ಆ ಬಕೆಟ್ಟು ಒಡೆದು ಹೋಯ್ತು, ಆ ಮನೆ ಬಿಡುವಾಗ" ಅಂದಳು.

ಮೂರು ವಿಡಿಯೋಗೆ ಮೂರು ದೂರು. ಒಂದನ್ನು ಪೂರ್ತಿ ತೆಗೆದರು, ಕಾರಣ ಹೇಳಲಿಲ್ಲ. ಇನ್ನೊಂದರಲ್ಲಿ ಯೂನಿಫಾರ್ಮ್ ಮಸುಕು ಮಾಡಿದ್ದಾರೆ, ಅಕ್ಕನ ಮುಖ ಹಾಗೇ ಇದೆ. ಮೂರನೆಯದಕ್ಕೆ ಉತ್ತರ ಬಂದಿದೆ, ಸುದ್ದಿಯ ಮಹತ್ವ ಇರುವುದರಿಂದ ತೆಗೆಯಲಾಗದು ಅಂತ. ಅದರಲ್ಲಿ ಈಗಲೂ "ಮನೆಯವರ ಹಾರಿಕೆ ಉತ್ತರ" ಇದೆ.

ಶಾಲೆ ಬದಲಾಯಿಸಿದ್ದೇವೆ. ಹೊಸ ಯೂನಿಫಾರ್ಮನ್ನು ಅಕ್ಕ ಮನೆ ಒಳಗೇ, ಫ್ಯಾನಿನ ಕೆಳಗೆ ಒಣಗಿಸುತ್ತಾಳೆ.

ಕಪ್ಪುಕೋಟು ಸರ್, ಆ ಮೂರನೆಯದಕ್ಕೆ ಇನ್ನೇನಾದರೂ ಮಾಡಬಹುದಾ?

ಕಪ್ಪುಕೋಟು

ಮಾಡಬಹುದು. ಹೆಸರಿನ ವಿಷಯದಲ್ಲಿ 2017ರಲ್ಲೇ ನಮ್ಮ ಹೈಕೋರ್ಟ್ ಒಬ್ಬ ಹೆಣ್ಣುಮಗಳ ಹೆಸರು ಹುಡುಕಾಟದಲ್ಲಿ ಸಿಗದ ಹಾಗೆ ನೋಡಿಕೊಳ್ಳಿ ಅಂತ ರಿಜಿಸ್ಟ್ರಿಗೆ ಹೇಳಿತ್ತು. 2021ರಲ್ಲಿ ದೆಹಲಿ ಹೈಕೋರ್ಟ್ ಖುಲಾಸೆಯಾದ ಒಬ್ಬರ ತೀರ್ಪನ್ನು ಹುಡುಕಾಟದಿಂದ ತೆಗೆಸಿತು. ನಿಮ್ಮವರ ಮೇಲೆ ಕೇಸೇ ಇಲ್ಲ. ಮೊದಲು ತಾಣದ ಉತ್ತರದ ಮೇಲೆ ಮೇಲ್ಮನವಿ, ಆಮೇಲೆ ನೋಟಿಸು.

ಆ ಉತ್ತರದ ಪ್ರತಿ ಕಳಿಸಿ. ಲಿಂಕ್ ಇಲ್ಲಿ ಹಾಕಬೇಡಿ, ನನಗೆ ಬೇರೆಯಾಗಿ ಮೆಸೇಜ್ ಮಾಡಿ. ನೋಟ್‌ಬುಕ್ಕಿನ ಆ ಪುಟವನ್ನೂ ಹರಿಯದೆ ಇಟ್ಟುಕೊಳ್ಳಲು ಅಕ್ಕನಿಗೆ ಹೇಳಿ.